ಗಲಗಲಿ ಸರ್ ಆರಿಸಿದ ಬೂದು ಬಣ್ಣ

ಇನ್ನು ಮುಂದೆ ಬಣ್ಣದ ವಿಷಯದಲ್ಲಿ ಹೆಂಡತಿಯನ್ನು ಒಂದು ಮಾತೂ ಕೇಳುವುದಿಲ್ಲ ಎಂದು ಆನಂದತೀರ್ಥ ಗಲಗಲಿಯವರು ಊಟದ ತಾಟಿನ ಮುಂದೆ ಕುಳಿತು, ಬಲಗೈಯಲ್ಲಿ ರೊಟ್ಟಿ ಹಿಡಿದು, ಘನಘೋರ ಪ್ರತಿಜ್ಞೆ ಮಾಡಿದರು. ಪುರಾಣಕಾಲದಲ್ಲಾಗಿದ್ದರೆ ಇಂಥ ಪ್ರತಿಜ್ಞೆಗೆ ಆಕಾಶದಿಂದ ಹೂಮಳೆ ಸುರಿಯುತ್ತಿತ್ತು. ಸಿಂದಗಿಯ ಆ ಮಧ್ಯಾಹ್ನ ತಲೆಯ ಮೇಲಿನ ಫ್ಯಾನು ಕಿರ್ ಎಂದಿತು, ಅಷ್ಟೇ.

“ಕೇಳಿಸ್ತೋ ಇಲ್ಲೋ? ಸೇತುವೆಯ ಬಣ್ಣ ನಾನ ಆರಸ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ.”

ಪಲ್ಯದ ಸೌಟು ಎತ್ತಿದ್ದ ಮುಕ್ತಾ ಕೈಯನ್ನು ಅಲ್ಲೇ ತಡೆದಳು. “ಆತು. ಪಲ್ಯಾನರೆ ನಾ ಹಾಕಲ್ಯೋ, ಅದನ್ನೂ ನೀವ ಆರಿಸ್ಕೋತೀರೋ?”

“ಚೇಷ್ಟಿ ಬ್ಯಾಡ! ಈ ಮನ್ಯಾಗ ಇನ್ನ ಮುಂದ ಬಣ್ಣದ ಮಾತು ಎತ್ತಬಾರದು.”

“ನಾ ಎತ್ತೂದಿಲ್ಲ ಬಿಡ್ರಿ. ನೀವು ಎತ್ತದಿದ್ರ ಸಾಕು.”

ಈ ಪ್ರತಿಜ್ಞೆಯ ತೂಕ ತಿಳಿಯಬೇಕಾದರೆ ಒಂದು ಗುಟ್ಟನ್ನು ಹೇಳಲೇಬೇಕು. ಆನಂದತೀರ್ಥರು ಊರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಚಿತ್ರಕಲಾ ಶಿಕ್ಷಕರು. ಮತ್ತು ಅವರಿಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ! ಹಳದಿ ಕಾಣುತ್ತದೆ, ನೀಲಿ ಕಾಣುತ್ತದೆ. ಕೆಂಪು, ಹಸಿರು ಮತ್ತು ಅವುಗಳ ಬಳಗದವರೆಲ್ಲ ಬಂದು ನಿಂತರೆ ಮಾತ್ರ ಅವರ ಕಣ್ಣಿಗೆ ಎಲ್ಲವೂ ಒಂದೇ ಕಷಾಯ. ರೇಖೆ ಎಳೆದರೆಂದರೆ ಕೈ ಮುಗಿಯಬೇಕು, ಅಂಥ ಹಿಡಿತ. ಬಣ್ಣಕ್ಕೆ ಬಂದರೆ ಟ್ಯೂಬಿನ ಮೇಲೆ ಬರೆದದ್ದೇ ವೇದವಾಕ್ಯ. ‘ಕ್ರಿಮ್ಸನ್’ ಎಂದು ಓದಿದರೆ ದಾಸವಾಳಕ್ಕೆ, ‘ಸ್ಯಾಪ್ ಗ್ರೀನ್’ ಎಂದು ಓದಿದರೆ ಎಲೆಗೆ. ತರಬೇತಿಯ ಪರೀಕ್ಷೆಯನ್ನೂ ಹೀಗೆ ಓದಿಕೊಂಡೇ ಪಾಸಾದವರು. ಜಗತ್ತಿನಲ್ಲಿ ಬಣ್ಣವನ್ನು ಓದಿ ಹಚ್ಚುವ ಕಲಾವಿದ ತಾವೊಬ್ಬರೇ ಇರಬೇಕೆಂದು ಅವರಿಗೆ ಒಳಗೊಳಗೇ ಭಯವೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಗುಟ್ಟು ಗೊತ್ತಿದ್ದದ್ದು, ಅವರ ಲೆಕ್ಕದಲ್ಲಿ, ಮುಕ್ತಾಳಿಗೆ ಮಾತ್ರ. ಮದುವೆಯಾದ ಎರಡನೆಯ ತಿಂಗಳು, “ನಿನ್ನ ಹಸಿರು ಸೀರಿಗೆ ಮ್ಯಾಚ್ ಆಗ್ತದ” ಎಂದು ಗಂಡ ರಕ್ತಗೆಂಪು ಖಣ ತಂದುಕೊಟ್ಟ ದಿನವೇ ಆಕೆಗೆ ತಿಳಿದುಹೋಗಿತ್ತು. ಅಂದಿನಿಂದ ಅವರ ಅಂಗಿ, ಶಾಲು, ಮನೆಯ ಗೋಡೆ, ಬಾಗಿಲು, ಎಲ್ಲವನ್ನೂ ಆಕೆಯೇ ಆರಿಸುತ್ತಿದ್ದಳು. ದಾರಿಯಲ್ಲಿ ಹೋಗುವವರು, “ಏನ್ ಛಂದ ಬಣ್ಣರೀ ಸರ್ ನಿಮ್ಮ ಮನಿದು!” ಎಂದರೆ ಸರ್ ಗಂಭೀರವಾಗಿ ತಲೆದೂಗಿ ಒಳಗೆ ಹೋಗುತ್ತಿದ್ದರು.

ಹೀಗೆ ಸುಖವಾಗಿ ಸಾಗಿದ್ದ ಸಂಸಾರದಲ್ಲಿ ಹೋದ ವಾರ ಟೊಮ್ಯಾಟೊ ಬಂತು. ಬಸವನಬಾಗೇವಾಡಿಯಿಂದ ಮುಕ್ತಾಳ ತಂಗಿ ಬಂದಿದ್ದಳು. ಸರ್ ಉತ್ಸಾಹದಿಂದ ಸಂತೆಗೆ ಹೋಗಿ ಎರಡು ಕಿಲೋ ‘ಹಣ್ಣು’ ಟೊಮ್ಯಾಟೊ ಆರಿಸಿ ತಂದರು. ಚೀಲ ಸುರಿದರೆ ಎರಡೂ ಕಿಲೋ ಹಸಿರು ಕಾಯಿ! ಮುಕ್ತಾ ನಗು ತಡೆಯಲಾರದೆ, “ನಮ್ಮನಿಯವರಿಗೆ ಟೊಮ್ಯಾಟೊ ಹಣ್ಣಾಗಬೇಕಾದ್ರ ಅದರ ಮ್ಯಾಲೆ ‘ಹಣ್ಣು’ ಅಂತ ಚೀಟಿ ಹಚ್ಚಬೇಕು ನೋಡ” ಎಂದುಬಿಟ್ಟಳು. ತಂಗಿಗೆ ಅದರ ಅರ್ಥ ಆಗಲಿಲ್ಲ, ಸುಮ್ಮನೆ ನಕ್ಕಳು. ಸರ್‌ಗೆ ಆಯಿತು. ಎದೆಯಲ್ಲಿ ಮುಳ್ಳು ಮುರಿದಂತಾಯಿತು.

ಆ ಮುಳ್ಳು ಹಾಗೇ ಇರುವಾಗಲೇ ಸೇತುವೆ ಸಮಿತಿಯವರು ಮನೆಗೆ ಬಂದರು.

ಸಿಂದಗಿಯ ಬಸ್‌ಸ್ಟ್ಯಾಂಡಿನ ಮುಂದಿನ ರಸ್ತೆ ದಾಟುವುದೆಂದರೆ ಹರಕೆ ಹೊತ್ತು ದಾಟಬೇಕು. ಒಂದು ಕಡೆ ಕಬ್ಬಿನ ಟ್ರ್ಯಾಕ್ಟರು, ಇನ್ನೊಂದು ಕಡೆ ಕಲಬುರಗಿಯ ಬಸ್ಸು, ನಡುವೆ ಶಾಲೆಯ ಮಕ್ಕಳು. ಅದಕ್ಕಾಗಿ ಊರ ಹಿರಿಯರು ಸೇರಿ, ಸಮಿತಿ ಮಾಡಿ, ಕಬ್ಬಿಣದ ಪಾದಚಾರಿ ಸೇತುವೆಯನ್ನು ನಿಲ್ಲಿಸುತ್ತಿದ್ದರು. ಸಮಿತಿಯ ಅಧ್ಯಕ್ಷ ಬೀಜದ ಅಂಗಡಿಯ ಸೋಮನಿಂಗಪ್ಪ. ಅದರ ಎರಡೂ ಬದಿಯ ಕಂಬಿಗಳ ಕಠಡದ ವಿನ್ಯಾಸವನ್ನು ಆಗಲೇ ಆನಂದತೀರ್ಥರು ಬರೆದುಕೊಟ್ಟಿದ್ದರು. ಸಾಲಾಗಿ ಜೋಳದ ತೆನೆಗಳು, ಗಾಳಿಗೆ ಒಂದೇ ಕಡೆ ಬಾಗಿದಂತೆ.

“ಇಂಡಿಯವರಿಗೆ ನಿಂಬಿಹಣ್ಣಿನ ಸೊಕ್ಕೈತಿ, ಆಲಮಟ್ಟಿಯವರಿಗೆ ಡ್ಯಾಮಿನ ಸೊಕ್ಕೈತಿ. ನಮಗ ಈ ಸೇತುವೆದರೆ ಇರ್ಲಿ ಸರ” ಎಂದು ಸೋಮನಿಂಗಪ್ಪ ಬಣ್ಣದ ಪಟ್ಟಿಯನ್ನು ಮುಂದಿಟ್ಟರು. “ಡಿಸೈನ್ ಭಾರಿ ಆಗೇತಿ. ಬಣ್ಣಾನೂ ನಿಮ್ಮ ಮನಿಯಿಂದನ ಬರ್ಲಿ ಅಂತ ಸಮಿತಿ ಠರಾವು ಮಾಡೇತ್ರಿ.” ಹೀಗೆ ಹೇಳಿ ಅಡಿಗೆಮನೆಯ ಕಡೆಗೂ ಒಮ್ಮೆ ಕೈ ಮುಗಿದರು. ಚಹಾದ ಆಸೆ ಇರಬೇಕೆಂದು ಸರ್ ತಿಳಿದರು.

ಪ್ರತಿಜ್ಞೆಯಾದದ್ದು ಮರುದಿನ. ಅಂದೇ ಸಂಜೆ ಸರ್ ಬಣ್ಣದ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಳಿಗೆ ಹತ್ತಿ, ಬಾಗಿಲಿಗೆ ಚಿಲಕ ಹಾಕಿದರು. ಅವರ ಲೆಕ್ಕಾಚಾರ ಸರಳವಾಗಿತ್ತು. ಕೆಂಪು ಬೇಡ, ಹಸಿರು ಬೇಡ. ಬೂದು! ಬೂದು ಬಣ್ಣದಲ್ಲಿ ತಪ್ಪು ಮಾಡಲು ಎಂಥ ಕಣ್ಣಿಗೂ ಸಾಧ್ಯವಿಲ್ಲ. ಗಂಭೀರ ಬಣ್ಣ, ಕಲ್ಲಿನ ಬಣ್ಣ.

ಪಟ್ಟಿಯಲ್ಲಿ ‘ಸ್ಲೇಟ್ ಗ್ರೇ’ ಎಂಬುದೊಂದು ಇತ್ತು. ಅದು ಶಾಲೆಯ ಪಾಟಿಯಂತೆ ತೀರಾ ಬಡವಾಗಿ ಕಂಡಿತು. ಬೆರಳು ಕೆಳಗಿಳಿಯುತ್ತ ನಾಲ್ಕು ನೂರಾ ಹದಿನೇಳನೆಯ ಚೌಕದ ಮೇಲೆ ನಿಂತಿತು. ಮೃದುವಾದ, ಹದವಾದ, ಸಭ್ಯ ಬೂದು. ಕೆಳಗೆ ಹೆಸರು ಓದಿದರು: ‘ಈವ್ನಿಂಗ್ ಕ್ಲೌಡ್’. ಸಂಜೆಯ ಮೋಡ! ತಲೆ ಎತ್ತಿ ಪಶ್ಚಿಮಕ್ಕೆ ನೋಡಿದರು. ಸಾಕ್ಷಾತ್ ಸಂಜೆಯ ಮೋಡಗಳೇ ಅಲ್ಲಿ ನಿಂತಿದ್ದವು, ಥೇಟ್ ಅದೇ ಬೂದು. ಇನ್ನೇನು ಬೇಕು? ಪಟ್ಟಿಯೂ ಹೇಳುತ್ತಿದೆ, ಆಕಾಶವೂ ಹೇಳುತ್ತಿದೆ.

ಮರುದಿನ ಬೆಳಿಗ್ಗೆಯೇ ಪೇಂಟರ್ ಮಲಿಕಸಾಬನ ಮುಂದೆ ಪಟ್ಟಿ ಬಿಚ್ಚಿ ಬೆರಳಿಟ್ಟರು. ಊರಿನ ಅರ್ಧ ಗೋಡೆಗಳಿಗೆ ಬಣ್ಣ ಬಳಿದ ಮನುಷ್ಯ. ಆತ ಬೆರಳನ್ನು ನೋಡಿದ, ಸರ್ ಮುಖ ನೋಡಿದ, ಮತ್ತೆ ಬೆರಳನ್ನು ನೋಡಿದ.

“ನಾಕನೂರಾ ಹದಿನೇಳೇನ್ರಿ ಸರ?”

“ಹೌದು.”

“ಸೇತುವಿಗೇನ್ರಿ?”

“ಮತ್ತೇನು ನನ್ನ ಮೂಗಿಗೇನು?”

ಮಲಿಕಸಾಬ ತಲೆ ಕೆರೆದುಕೊಂಡ. “ಒಂದ ಸಲ ಮನ್ಯಾಗ ತೋರಿಸಿ ಬಂದೀರೇನ್ರಿ?”

ಮುಳ್ಳು ಇನ್ನೂ ಒಳಗೇ ಇತ್ತಲ್ಲ, ಮಾತು ನೇರ ಅದಕ್ಕೇ ತಾಗಿತು. “ಮನ್ಯಾಗ ಯಾಕ ತೋರಸಬೇಕು? ಇಪ್ಪತ್ತೆಂಟು ವರ್ಷ ಚಿತ್ರಕಲಾ ಕಲಿಸೀನಿ ನಾನು! ಸಹಿ ಬೇಕೇನು? ತಾ ಇಲ್ಲೆ.” ಜೇಬಿನಿಂದ ಪೆನ್ನು ತೆಗೆದು ಚೌಕದ ಮಗ್ಗುಲಲ್ಲೇ ‘ಆ. ಗಲಗಲಿ’ ಎಂದು ಬಾಲಸಮೇತ ಸಹಿ ಗೀಚಿದರು. ಮಲಿಕಸಾಬ ಪಟ್ಟಿ ಮಡಚಿ ಒಳಜೇಬಿಗೆ ಹಾಕಿಕೊಂಡು, “ಆತ್ರಿ. ನೀವು ಅಂದ್ಮ್ಯಾಲ ಮುಗೀತು” ಎಂದ.

ಬಿಡಿಭಾಗಗಳಿಗೆ ಕನ್ನೊಳ್ಳಿ ರಸ್ತೆಯ ಶೆಡ್ಡಿನಲ್ಲಿ ಬಣ್ಣವಾಯಿತು. ಒಂದು ಬುಧವಾರ ಬೆಳಗಾಗುವುದರೊಳಗೆ ಕ್ರೇನು ಬಂದು ಸೇತುವೆಯನ್ನು ಎತ್ತಿ ನಿಲ್ಲಿಸಿಯೂಬಿಟ್ಟಿತು. ಉದ್ಘಾಟನೆ ಭಾನುವಾರ.

ಸುದ್ದಿ ಕೇಳಿ ಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ದೂರದಿಂದಲೇ ಕಂಡಿತು. ಆಹಾ! ಬೂದು ಸೇತುವೆ, ಬೂದು ತೆನೆಗಳು, ಒಂದೊಂದು ತೆನೆಯೂ ಬಾಗಿ ಊರಿಗೆ ನಮಸ್ಕಾರ ಮಾಡುವಂತೆ. ಕಣ್ಣು ತೇವವಾಯಿತು. ಕೆಳಗೆ ನಿಂತ ಜನರೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರು.

“ಹೆಂಗದರೀ?” ಎಂದು ಚಹಾ ಅಂಗಡಿಯ ಅಬ್ದುಲಗನಿಯನ್ನು ಕೇಳಿದರು.

“ಏನ್ ಹೇಳ್ಲಿರಿ ಸರ,” ಎಂದ ಅಬ್ದುಲಗನಿ, ಸೋಸುವ ಬಟ್ಟೆ ಹಿಂಡುತ್ತ. “ಇಂಥಾ ಬಣ್ಣ ಹಚ್ಚಾಕ ಎದಿ ಬೇಕ್ರಿ ಎದಿ! ಎಲ್ಲಾರ ಕೈಲಿ ಆಗೂ ಮಾತಲ್ಲ.”

ಸರ್‌ಗೆ ಎರಡು ಅಂಗುಲ ಎತ್ತರ ಬಂದಂತಾಯಿತು. ಅಷ್ಟರಲ್ಲಿ ತಾಯಿಯ ಕೈ ಹಿಡಿದು ಹೊರಟಿದ್ದ ಪುಟ್ಟ ಹುಡುಗಿ ನಿಂತು ಚೀರಿದಳು: “ಮಮ್ಮೀ! ಐಸ್‌ಕ್ಯಾಂಡಿ ಬ್ರಿಜ್ಜು!”

ತೆನೆಯ ಆಕಾರ ಮಗುವಿಗೆ ತಿಳಿದಿಲ್ಲ, ಪಾಪ, ಎಂದು ಸರ್ ನಕ್ಕರು. ಹುಡುಗಿ ಮುಂದುವರಿಸಿದಳು: “ನನಗೂ ಪಿಂಕ್ ಐಸ್‌ಕ್ಯಾಂಡಿ ಬೇಕು!”

ನಗು ಅಲ್ಲೇ ಹೆಪ್ಪುಗಟ್ಟಿತು. ಪಿಂಕ್? ಎಲ್ಲಿಯ ಪಿಂಕ್? ಯಾವ ಪಿಂಕ್? ಮಗು ಬೇರೇನನ್ನೋ ನೋಡಿರಬೇಕು. ಸರ್ ಸುತ್ತಲೂ ನೋಡಿದರು. ಸೇತುವೆಯನ್ನು ಬಿಟ್ಟರೆ ಅಲ್ಲಿ ಇದ್ದದ್ದು ಎರಡು ನಾಯಿ, ಒಂದು ಎಮ್ಮೆ.

ಆ ಗಳಿಗೆಯಿಂದ ಆನಂದತೀರ್ಥರ ಪಾಲಿಗೆ ಅನ್ನ ಸೇರಲಿಲ್ಲ, ನೀರು ಇಳಿಯಲಿಲ್ಲ. ಸೇತುವೆಯ ಬಣ್ಣ ಯಾವುದೆಂದು ಯಾರನ್ನು ಕೇಳುವುದು? ಚಿತ್ರಕಲಾ ಶಿಕ್ಷಕ ದಾರಿಯಲ್ಲಿ ನಿಂತು, “ಅಪ್ಪಾ, ಇದು ಏನು ಬಣ್ಣ?” ಎಂದರೆ ಬಣ್ಣ ಬಯಲಾಗಲು ಮತ್ತೇನು ಬೇಕು! ಕೇಳಬಹುದಾಗಿದ್ದ ಒಬ್ಬಳೇ ಒಬ್ಬಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಬಾಯಿಗೆ ತಾವೇ ಬೀಗ ಹಾಕಿ ಕೀಲಿಯನ್ನು ಪ್ರತಿಜ್ಞೆಯ ಬಾವಿಗೆ ಎಸೆದಿದ್ದರು.

ಸುತ್ತುಬಳಸಿ ಕೇಳಿ ನೋಡಿದರು. ಗುರುವಾರ ಮತ್ತೆ ಅಬ್ದುಲಗನಿಯ ಅಂಗಡಿಗೆ ಹೋಗಿ, “ಈ ಬಣ್ಣಕ್ಕ ನಿಮ್ಮ ಕಡೆ ಏನಂತಾರ?” ಎಂದರು, ಭಾಷಾಶಾಸ್ತ್ರದ ಧಾಟಿಯಲ್ಲಿ.

“ನಮ್ಮ ಕಡೆ ಏನ್ರಿ, ನಿಮ್ಮ ಕಡೆ ಏನ್ರಿ, ಬಣ್ಣ ಬಣ್ಣಾನ ಅಲ್ರಿ? ನಮ್ಮ ಮೊಮ್ಮಗಳ ಫ್ರಾಕ್ ಥೇಟ್ ಇದ ಐತ್ರಿ.”

ಮೊಮ್ಮಗಳ ಫ್ರಾಕನ್ನು ಸರ್ ನೋಡಿದ್ದರು. ಅದೂ ಅವರ ಲೆಕ್ಕದಲ್ಲಿ ಬೂದು ಬಣ್ಣವೇ! ಎಳೆಯ ಮಗುವಿಗೆ ಯಾಕೆ ಇಂಥ ಗಂಭೀರ ಫ್ರಾಕು ಹಾಕಿದ್ದಾರೆಂದು ಆಗ ಮರುಗಿದ್ದರು. ಈಗ ತಮಗಾಗಿಯೇ ಮರುಗಬೇಕಾಯಿತು. ಸಾಲದ್ದಕ್ಕೆ ಮೊಬೈಲ್ ಟಿಣ್ ಎಂದಿತು. ಇಂಡಿ ಕಡೆಯ ಶಿಕ್ಷಕರ ಗ್ರೂಪಿನಲ್ಲಿ ಯಾರೋ ಸೇತುವೆಯ ಫೋಟೋ ಹಾಕಿ, ‘ಸಿಂದಗಿಯವರು ಹಲ್ಲುಪುಡಿ ಬಳಿದಾರೇನ್ರಿ?’ ಎಂದು ಕೇಳಿದ್ದರು. ಅದರ ಕೆಳಗೆ ಮುದ್ದೇಬಿಹಾಳದವರೊಬ್ಬರು ನಗುವ ಮುಖಗಳನ್ನು ಒಂದು ಡಜನ್ ಸುರಿದಿದ್ದರು.

ಹಲ್ಲುಪುಡಿ ಕಪ್ಪೂ ಇರುತ್ತದಲ್ಲ, ಬಿಳಿಯೂ ಇರುತ್ತದಲ್ಲ ಎಂದು ಸರ್ ಮನಸ್ಸಿಗೆ ಸಮಾಧಾನ ಹೇಳಿದರು. ಮನಸ್ಸು ಕೇಳಲಿಲ್ಲ. ಖಚಿತವಾಗಿ ತಿಳಿಯಲೇಬೇಕು! ಶುಕ್ರವಾರ ಒಂಬತ್ತನೆಯ ತರಗತಿಗೆ ಹೋದವರೇ ಆಜ್ಞೆ ಮಾಡಿದರು: “ನಮ್ಮೂರ ಹೊಸ ಸೇತುವೆಯ ಚಿತ್ರ ಬರೀರಿ. ಇದ್ದ ಬಣ್ಣ ಇದ್ದಂಗ ತುಂಬ್ರಿ. ಕ್ರೇಯಾನ್ ಬೆಂಚಿನ ಮ್ಯಾಲೆ ಹೊರಗ ಇಟ್ಕೋರಿ.”

ಮಕ್ಕಳು ಬಾಗಿ ಬರೆಯತೊಡಗಿದರು. ಸರ್ ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಹೊರಟರು. ಚಿತ್ರವನ್ನು ನೋಡಲಿಲ್ಲ, ಕೈಯಲ್ಲಿದ್ದ ಕ್ರೇಯಾನಿನ ಕಾಗದ ಓದಿದರು. ಈ ಶಾಲೆಯ ಮಕ್ಕಳು ಕ್ರೇಯಾನಿನ ಮೇಲಿನ ಕಾಗದವನ್ನು ಎಂದೂ ಹರಿಯುತ್ತಿರಲಿಲ್ಲ. ಅದು ತಾವು ಕಲಿಸಿದ ಶಿಸ್ತು ಎಂದು ಸರ್ ನಂಬಿದ್ದರು.

ಮೊದಲನೆಯ ಬೆಂಚು: ಪಿಂಕ್. ಎರಡನೆಯದು: ಪಿಂಕ್. ಮೂರನೆಯದು: ಪಿಂಕ್, ಪಿಂಕ್. ಕೊನೆಯ ಬೆಂಚಿನ ಹುಡುಗನ ಕ್ರೇಯಾನಿನ ಮೇಲೆ ‘ಗ್ರೀನ್’ ಎಂದು ಓದಿದಾಗ ಹೋದ ಜೀವ ಬಂದಂತಾಯಿತು.

“ಹಸಿರು ಯಾಕೋ?” ಎಂದರು, ಬೇಡಿಕೊಳ್ಳುವ ದನಿಯಲ್ಲಿ.

“ಪಿಂಕ್ ಖಾಲಿ ಆಗೇತ್ರಿ ಸರ. ನಿಷತ ಇಸಕೊಂಡಾಳ್ರಿ.”

ಮಲಿಕಸಾಬನ ಮಗಳು ನಿಷತ ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಆಕೆಯ ಹಾಳೆಯಲ್ಲಿ ಸೇತುವೆಯಿತ್ತು, ಅದರ ಕೆಳಗೆ ಬಣ್ಣದ ಡಬ್ಬಿ ಹಿಡಿದು ಒಬ್ಬನೇ ನಿಂತ ಮನುಷ್ಯನಿದ್ದ. “ಇವರ್ಯಾರವ್ವಾ?” ಎಂದು ಕೇಳಿದ್ದೇ ತಪ್ಪಾಯಿತು. ಹುಡುಗಿಯ ಕಣ್ಣು ತುಂಬಿ ಬಂತು.

“ನಮ್ಮ ಅಬ್ಬಾ ಅದಾರ್ರಿ ಸರ. ನಾಳಿಗೆ ಸಮಿತಿಯವ್ರು ಕರಸ್ಯಾರ್ರಿ. ಬಣ್ಣ ಕೆಡಿಸಿದಿ, ಇನ್ನ ಮ್ಯಾಲ ಊರಾಗ ನಿನಗ ಬ್ರಶ್ ಹಿಡ್ಯಾಕ ಕೊಡಂಗಿಲ್ಲ ಅಂದಾರ್ರಿ. ಅಬ್ಬಾ ತಪ್ಪು ನಂದ ಅಂತ ಒಪ್ಪಿಕೊಂಡಾರ್ರಿ.”

ಗಂಟೆ ಹೊಡೆಯಿತು. ಸರ್‌ಗೆ ಕೇಳಿಸಲಿಲ್ಲ. ಮಲಿಕಸಾಬನ ಒಳಜೇಬಿನಲ್ಲಿ ತಮ್ಮ ಸಹಿ ಇತ್ತು. ಅದನ್ನು ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಿರಲಿಲ್ಲ! ಆ ಮನುಷ್ಯ ಮೂರು ಸಲ ಕೇಳಿದ್ದ. ಮೂರು ಸಲವೂ ತಾವು ಮೀಸೆ ತಿರುವಿದ್ದರು. ಬೂದು ಬಯಸಿದವರ ಮಾನ ಬೂದಿಯಾಗುವುದಿರಲಿ, ಏನೂ ಮಾಡದವನ ಕೂಳು ಬೂದಿಯಾಗುವ ಹೊತ್ತು ಬಂದಿತ್ತು.

ಮನೆಗೆ ಬಂದು ಚಪ್ಪಲಿ ಬಿಡದೆಯೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತರು.

“ಮುಕ್ತಾ, ಸೇತುವೆ ನೋಡಿಯೇನು?”

“ಬುಧವಾರನ ನೋಡೀನಿ.”

“ಅದು... ಗುಲಾಬಿ ಅದ ಏನು?”

ಮುಕ್ತಾ ಕೈಯಲ್ಲಿದ್ದ ಹಿಟ್ಟು ಕೊಡವಿದಳು. ಮೂರು ದಿನದಿಂದ ಆಕೆಯ ಮುಖವೂ ಸೊರಗಿತ್ತು, ಸರ್ ನೋಡಿರಲಿಲ್ಲ. “ಅದ. ಪಕ್ಕಾ ಗುಲಾಬಿ.”

“ಮತ್ತ ನೀ ಹೇಳಬಾರದೇನ?”

“ಹ್ಯಾಂಗ ಹೇಳ್ಲಿ? ಬಣ್ಣದ ಮಾತು ಮನ್ಯಾಗ ಎತ್ತಬ್ಯಾಡ ಅಂದವ್ರು ಯಾರು? ನೀವು ಇವತ್ತ ಕೇಳ್ತೀರಿ, ನಾಳೆ ಕೇಳ್ತೀರಿ ಅಂತ ಹಾದಿ ಕಾದು ನಂದೂ ಊಟ ಬಿಟ್ಟದ.”

ಸರ್ ಹೊಸ್ತಿಲ ಮೇಲೆಯೇ ಕುಸಿದು ಕುಳಿತರು. ಸಂಜೆಯ ಮೋಡ ಎಂದು ಬರೆದಿತ್ತು, ಮಾಳಿಗೆಯ ಮೇಲೆ ನಿಂತು ಮೋಡದ ಜೊತೆ ಹೋಲಿಸಿಯೂ ನೋಡಿದೆ ಎಂದು ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ, ತೀರಾ ಸಣ್ಣ ದನಿಯಲ್ಲಿ ಕೇಳಿದರು: “ಮೋಡ ಗುಲಾಬಿ ಇರ್ತಾವೇನ?”

ಮುಕ್ತಾಳಿಗೆ ಏನೋ ಚುರುಕಾದ ಮಾತು ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡಳು. “ಸಂಜಿ ಮುಂದ ಇರ್ತಾವ.”

“ದಿನಾ?”

“ದಿನಾ ಅಲ್ಲ. ಆವತ್ತ ಇದ್ದಿರಬೇಕು.”

“ಇಷ್ಟ ವರ್ಷ ಇಬ್ಬರೂ ಮಾಳಗಿ ಮ್ಯಾಲೆ ಕೂತೀವಿ. ಒಂದಿನಾನೂ ಹೇಳಲಿಲ್ಲಲ್ಲ?”

“ನಿಮಗೂ ಹಂಗ ಕಾಣ್ತದ ಅಂತ ತಿಳ್ಕೊಂಡಿದ್ದೆ. ಮೋಡದ ಮಾತು ಯಾರ್ ಯಾರಿಗೆ ಹೇಳ್ತಾರ್ರೀ?” ಎಂದು ಆಕೆ ಒಂದು ಲೋಟ ನೀರು ತಂದು ಕೈಗೆ ಕೊಟ್ಟಳು. “ಈಗ ಮಲಿಕಸಾಬನ ಗತಿ ಏನು?”

“ನಾಳೆ ಹೋಗಿ ಎಲ್ಲಾ ಹೇಳಿಬಿಡ್ತೀನಿ. ನನಗ ಬಣ್ಣ ಕಾಣೂದಿಲ್ಲ ಅಂತ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ.”

ಹೇಳುವುದು ಸುಲಭವಾಗಿತ್ತು. ಶನಿವಾರ ಬೀಜದ ಅಂಗಡಿಯ ಮೆಟ್ಟಿಲನ್ನು ಆನಂದತೀರ್ಥರು ಎರಡು ಸಲ ಹತ್ತಿ ಎರಡು ಸಲ ಇಳಿದರು. ನಿವೃತ್ತಿಗೆ ಇನ್ನೂ ಮೂರು ವರ್ಷ. ‘ಕುರುಡು ಚಿತ್ರಕಾರ’ ಎಂದು ಪೇಪರಿನಲ್ಲಿ ಬರುತ್ತದೆಯೇ? ಇಪ್ಪತ್ತೆಂಟು ವರ್ಷದಲ್ಲಿ ಕಲಿಸಿದ ಮಕ್ಕಳೆಲ್ಲ ಹಳೆಯ ಡ್ರಾಯಿಂಗ್ ಪುಸ್ತಕ ಹಿಡಿದು, ಮಾರ್ಕು ತಿದ್ದಿಕೊಡಿ ಎಂದು ಮನೆಯ ಮುಂದೆ ಸಾಲು ನಿಲ್ಲುತ್ತಾರೆಯೇ?

ಒಳಗೆ ಆರೇಳು ಮಂದಿ ಕುಳಿತಿದ್ದರು. ಗೊಬ್ಬರದ ಚೀಲಗಳ ಮಗ್ಗುಲಲ್ಲಿ ಮಲಿಕಸಾಬ ಟೊಪ್ಪಿಗೆ ತಿರುವುತ್ತ ನಿಂತಿದ್ದ. ಸೋಮನಿಂಗಪ್ಪ ಗುಡುಗುತ್ತಿದ್ದರು: “ಗಲಗಲಿ ಸರ್ ಮನಿಯಿಂದ ಇಂಥಾ ಬಣ್ಣ ಬರೂದು ಸಾಧ್ಯನ ಇಲ್ಲ! ನೀನ ಡಬ್ಬಿ ಅದಲಬದಲ ಮಾಡೀಯೋ ಮಾರಾಯಾ!”

“ತಪ್ಪಾತ್ರಿ” ಎಂದ ಮಲಿಕಸಾಬ.

“ಅವನ ತಪ್ಪಲ್ಲ!” ಆನಂದತೀರ್ಥರ ದನಿ ಅವರಿಗೇ ಅಪರಿಚಿತವಾಗಿ, ಎತ್ತರವಾಗಿ ಬಂತು. “ನಾನ ಆರಿಸೀನಿ. ಅವನ ಕಿಸೇದಾಗ ನನ್ನ ಸಹಿ ಅದ. ನನಗ ಅದು ಗುಲಾಬಿ ಅಂತ ಗೊತ್ತಾಗಲಿಲ್ಲ. ನನಗ... ನನಗ ಬಣ್ಣ ಕಾಣೂದಿಲ್ಲ. ಸಣ್ಣಂವ ಇದ್ದಾಗಿಂದ್ಲೂ.”

ಸೋಮನಿಂಗಪ್ಪ ಗಡಬಡಿಸಿ ಎದ್ದರು. “ಛೇ ಛೇ, ಏನ್ ಮಾತಂತ ಆಡ್ತೀರಿ ಸರ! ಮಲಿಕಸಾಬನ್ನ ಉಳಿಸಾಕ ನಿಮ್ಮ ದೊಡ್ಡತನಾ ಅದು. ಬರ್ರಿ, ಕುಂದರ್ರಿ. ಇದು ಏನ್ ಬಣ್ಣ ಹೇಳ್ರಿ ನೋಡೋಣ?” ಎಂದು ಒಂದು ಬೀಜದ ಪಾಕೀಟು ಹಿಡಿದರು.

“ಹಳದಿ.”

“ನೋಡಿದ್ರಾ! ಈ ಕುರ್ಚಿ?”

“ನೀಲಿ.”

“ಈ ಧೋತರ?”

“ಬಿಳಿ.”

“ಮೂರಕ್ಕ ಮೂರು! ಯಾರ್ ಹೇಳಿದ್ರಿ ನಿಮಗ ಬಣ್ಣ ಕಾಣಂಗಿಲ್ಲಂತ?”

ಆನಂದತೀರ್ಥರಿಗೆ ಅಳುವೇ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಸತ್ಯ ಹೇಳಲು ಬಂದರೆ ಸತ್ಯವೇ ಕೈಕೊಡುತ್ತಿದೆ! “ಅಲ್ರೀ, ಕಾಣೂವು ಎಲ್ಲಾ ಕಾಣ್ತಾವ! ಕಾಣದವು ಅಷ್ಟ ಕಾಣೂದಿಲ್ಲ!” ಎಂದು ಕೂಗಿಕೊಂಡರು.

“ಸಾಕ್ ಬಿಡ್ರಿ ಸಾವ್ಕಾರ,” ಎಂದು ಮಲಿಕಸಾಬ ಮುಂದೆ ಬಂದ. “ಸರ ತಾವಾಗಿ ಬಾಯಿ ಬಿಟ್ಟ ಹೇಳ್ಯಾರ. ಇನ್ನ ನಾವ್ಯಾಕ ನಾಟಕ ಆಡೂದು?” ಆಮೇಲೆ ಸರ್ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಸರ, ಊರಿಗೆಲ್ಲಾ ಗೊತ್ತೈತ್ರಿ.”

“ಏನ ಗೊತ್ತದ?”

“ನಿಮಗ ಕೆಂಪು, ಹಸರು ತಿಳಿಯಂಗಿಲ್ಲನ್ನೂದು. ನಮ್ಮ ನಿಷತ ನಿಮ್ಮ ಸಾಲಿಗೆ ಬಂದ ಮೊದಲನೇ ದಿನಾನ ಮ್ಯಾಲಿನ ಕ್ಲಾಸಿನವ್ರು ಹೇಳಿಕೊಟ್ಟಾರ್ರಿ. ಕ್ರೇಯಾನಿನ ಕಾಗದ ಹರೀಬ್ಯಾಡ್ರಿ, ಗಲಗಲಿ ಸರ್‌ಗೆ ತ್ರಾಸಾಗತೈತಿ ಅಂತ. ಅವ್ರಿಗೆ ಅವರ ಮ್ಯಾಲಿನವ್ರು ಹೇಳಿದ್ರು.”

ಸೋಮನಿಂಗಪ್ಪ ತಪ್ಪಿತಸ್ಥರಂತೆ ಪಾಕೀಟನ್ನು ಕೆಳಗಿಟ್ಟರು. “ನಿಮಗ ಬ್ಯಾಸರ ಆಗಬಾರ್ದಂತ ನಾನೂ ನೋಡಿ ನೋಡಿ ಹಳದಿ, ನೀಲಿನ ತೋರಿಸಿನ್ರಿ.”

ಇಪ್ಪತ್ತೆಂಟು ವರ್ಷ! ತಾವು ಊರಿನಿಂದ ಮುಚ್ಚಿಟ್ಟ ಗುಟ್ಟನ್ನು ಊರು ತಮ್ಮಿಂದ ಮುಚ್ಚಿಟ್ಟಿತ್ತು. ಆನಂದತೀರ್ಥರು ಹತ್ತಿರದ ಗೊಬ್ಬರದ ಚೀಲದ ಮೇಲೆ ಕುಳಿತರು. “ಗೊತ್ತಿದ್ರ... ಮತ್ತ ಬಣ್ಣ ಆರಸ್ರಿ ಅಂತ ನನ್ನ ಹತ್ರ ಯಾಕ ಬಂದ್ರಿ?”

ಅಧ್ಯಕ್ಷರೇ ವಿವರಿಸಿದರು.

“ಅದೇನೈತ್ರಿ ಸರ... ನಮಗ ಬೇಕಾಗಿದ್ದು ಮುಕ್ತಾಬಾಯಾರ ಆಯ್ಕಿ. ಊರಾಗ ಲಗ್ನದ ಸೀರಿ ಇರ್ಲಿ, ಮನಿ ಗ್ವಾಡಿ ಇರ್ಲಿ, ಬಾಯಾರನ್ನ ಕೇಳದ ಯಾರೂ ಬಣ್ಣ ಆರಸಂಗಿಲ್ರಿ. ನಿಮ್ಮನ್ನ ಬಿಟ್ಟು ನೇರ ಅವ್ರನ್ನ ಕೇಳಿದ್ರ ಛಂದ ಕಾಣ್ಸಂಗಿಲ್ಲ ಅಂತ ನಿಮ್ಮ ಕೈಯಾಗ ಪಟ್ಟಿ ಕೊಟ್ವಿ. ನೀವು ಒಳಗ ಕೇಳೇ ಕೇಳ್ತೀರಂತ ಗೊತ್ತಿತ್ತು.”

“ಹಂಗಾದ್ರ ಮಲಿಕಸಾಬ, ನೀ ನನ್ನ ಸಹಿ ಮುಚ್ಚಿಟ್ಟು ತಪ್ಪು ಒಪ್ಪಿಕೊಂಡದ್ದು...” ಸರ್ ಕಣ್ಣಲ್ಲಿ ಕೃತಜ್ಞತೆ ತುಂಬಿ ಬಂತು.

“ನಿಮ್ಮ ಸಲುವಾಗಿ ಅಲ್ರಿ ಸರ,” ಎಂದ ಮಲಿಕಸಾಬ ಪ್ರಾಮಾಣಿಕವಾಗಿ. “ನೀವು ಸಿಟ್ಟಿಲೆ ಹಂಗ ಅಂದ್ರೂ, ಬಣ್ಣ ಬಾಯಾರ ಆರಿಸ್ಯಾರಂತ ತಿಳಿದಿದ್ನಿ. ಅವ್ರ ಹೆಸರು ಕೆಡಬಾರ್ದಲ್ರಿ!”

ಮುಂದಿನ ನಿರ್ಣಯ ಒಂದೇ ನಿಮಿಷದಲ್ಲಿ ಆಯಿತು. ಬಾಯಾರನ್ನು ಕರೆಸಬೇಕು, ಅವರು ಹೇಳಿದಂತೆ ಮಾಡಬೇಕು. ಉದ್ಘಾಟನೆಗೆ ಒಂದೇ ದಿನ ಉಳಿದಿತ್ತು. ಮತ್ತೆ ಬಣ್ಣ ಬಳಿಯಬೇಕೆಂದರೆ ಕಾರ್ಯಕ್ರಮ ಮುಂದೂಡಬೇಕು, ಬಳಿದದ್ದನ್ನೆಲ್ಲ ಮಲಿಕಸಾಬ ಕೆರೆಯಬೇಕು, ಯಾಕೆಂದು ಕೇಳಿದವರಿಗೆಲ್ಲ ಆನಂದತೀರ್ಥರು ಉತ್ತರ ಹೇಳಬೇಕು.

ಕಾಯಿಪಲ್ಯದ ಚೀಲ ಹಿಡಿದು ಮುಕ್ತಾ ಬಂದಳು. ಇಡೀ ಸಮಿತಿ ಆಕೆಯ ಹಿಂದೆ ಸೇತುವೆಯ ತನಕ ನಡೆಯಿತು. ಆಕೆ ಕೆಳಗೆ ನಿಂತು ನೋಡಿದಳು. ಮೆಟ್ಟಿಲು ಹತ್ತಿದಳು. ಕಠಡದ ತೆನೆಗಳ ಮೇಲೆ ಕೈಯಾಡಿಸುತ್ತ ಆ ತುದಿಗೆ ಹೋಗಿ ಈ ತುದಿಗೆ ಬಂದಳು. ಅಷ್ಟು ಹೊತ್ತೂ ಆನಂದತೀರ್ಥರು ಆಕೆಯ ಮುಖವನ್ನೇ ಓದುತ್ತಿದ್ದರು. ಮಲಿಕಸಾಬ ಕಣ್ಣು ಮುಚ್ಚಿ ನಿಂತಿದ್ದ.

ಕೆಳಗಿಳಿದು ಆಕೆ ಸೆರಗು ಸರಿಮಾಡಿಕೊಂಡಳು. “ಯಾಕ, ಏನಾಗೇದ ಇದಕ್ಕ? ಛಲೋ ಅದ. ಹಿಂಗ ಇರ್ಲಿ.”

“ಹೌದಲ್ರಿ!” ಎಂದರು ಸೋಮನಿಂಗಪ್ಪ, ಅರೆಕ್ಷಣವೂ ತಡಮಾಡದೆ. “ನಾ ಮೊದ್ಲಿಂದ ಅದನ್ನ ಹೇಳಾಕತ್ತೇನಿ! ದೂರದಿಂದ ನೋಡಿದ್ರ ಏನ್ ಕಳಾ ಐತಿ ನೋಡ್ರಿ!” ಸಮಿತಿಯ ಆರೂ ಮಂದಿಗೆ ಒಮ್ಮೆಲೇ ಕಳೆ ಕಾಣಿಸಿತು. ನಾಳಿನ ಭಾಷಣದಲ್ಲಿ ಬಣ್ಣದ ಆಯ್ಕೆಗಾಗಿ ಮುಕ್ತಾಬಾಯಿಯವರಿಗೆ ವಿಶೇಷ ಅಭಿನಂದನೆ ಹೇಳಬೇಕೆಂದು ಅಲ್ಲೇ, ನಿಂತಲ್ಲೇ, ಠರಾವಾಯಿತು. ಮಲಿಕಸಾಬ ಎರಡೂ ಕೈ ಎತ್ತಿ ಸಲಾಮು ಮಾಡಿದ್ದೂ ಬಾಯಾರಿಗೇ.

ಮನೆಯ ದಾರಿಯಲ್ಲಿ ಆನಂದತೀರ್ಥರು ಚೀಲ ಇಸಿದುಕೊಂಡರು. ಆ ಖಣದ ನಂತರ ಹೆಂಡತಿಯನ್ನು ಕೇಳದೆ ಆರಿಸಿದ ಒಂದೇ ಒಂದು ಬಣ್ಣ! ಅದನ್ನು ಆಕೆಯೇ ಒಪ್ಪಿದ್ದಾಳೆ. ಎದೆಯಲ್ಲಿ ಸಣ್ಣದೊಂದು ದೀಪ ಹೊತ್ತಿಕೊಂಡಿತು.

“ಮುಕ್ತಾ, ಖರೇ ಹೇಳು. ಖರೇನ ಛಲೋ ಅದ ಏನು?”

“ಥೂ! ಕಣ್ಣಿಗೆ ಚುಚ್ಚತದ,” ಎಂದಳು ಮುಕ್ತಾ, ಹೆಜ್ಜೆ ನಿಧಾನಿಸದೆ. “ಆದ್ರ ಚಿಂತಿ ಮಾಡಬ್ಯಾಡ್ರಿ. ನಮ್ಮೂರ ಕರಿ ಎರಿಮಣ್ಣಿನ ಧೂಳು ಎಂಟ ದಿನ ಕೂತ್ರ ಸಾಕು, ನೀವು ಆರಿಸಿದ ಬೂದಿ ಬಣ್ಣಾನ ಆಗ್ತದ.”